ಸೌದೆಯ ಶಾಖ ಅಳೆಯೋ ಡಬ್ಬಿ: ಮಳೆಗಾಲದ ಹೊತ್ತಿಗೆ ಎಲ್ಲಿಗೆ ಬಂತು

ಡಬ್ಬಿಯ ಸುತ್ತ ತಗಡಿನ ಗೋಡೆ ಎಬ್ಬಿಸಿದ ಮೇಲೆ ಅಳತೆ ನಂಬುವ ಮಟ್ಟಕ್ಕೆ ಬಂದಿದೆ. ಡಬ್ಬಿಯಲ್ಲಿ 500 ಗ್ರಾಂ ನೀರು, ಅದರೊಳಗೆ ಥರ್ಮಾಮೀಟರು, ಕೆಳಗೆ ಜಾಲರಿಯ ಮೇಲೆ ಉರಿಯೋ ಚೂರು. ಗೋಡೆಗೂ ಡಬ್ಬಿಗೂ ನಡುವೆ ಒಂದು ಬೆರಳು ಹಿಡಿಸುವಷ್ಟು ಸಂದು. ಬಿಸಿಗಾಳಿ ಅದರಲ್ಲೇ ಡಬ್ಬಿಯ ಮೈ ಸವರಿಕೊಂಡು ಮೇಲೇರುತ್ತೆ.

ಮೊದಲು ಮೇಣದಬತ್ತಿ ಇಟ್ಟು ನೋಡಿದೆ. 1 ಗ್ರಾಂ ಮೇಣ ಉರಿದಾಗ ನೀರು 10 ಡಿಗ್ರಿ ಏರಿತು. ಒಂದು ಕೆಜಿ ನೀರು ಒಂದು ಡಿಗ್ರಿ ಏರೋಕೆ 4.18 ಕಿಲೋಜೂಲ್ ಬೇಕು. ಲೆಕ್ಕ ಹಾಕಿದರೆ 0.5 × 4.18 × 10, ಅಂದರೆ 20.9 ಕಿಲೋಜೂಲ್. ಮೇಣದಲ್ಲಿರೋದು ಗ್ರಾಮಿಗೆ 42ರ ಆಸುಪಾಸು. ಹಾಗಾಗಿ ಅರ್ಧ ಶಾಖ ನೀರಿಗೆ ಸಿಗುತ್ತಿದೆ. ಗೋಡೆ ಇಲ್ಲದಾಗ ಇಷ್ಟು ಸಿಗುತ್ತಿರಲಿಲ್ಲ. ಸೌದೆ ಹೊಗೆ ಬಿಡುತ್ತೆ, ಕೆಂಡ ಉಳಿಸುತ್ತೆ, ಹಾಗಾಗಿ ಈ ಅರ್ಧದ ಲೆಕ್ಕ ಅದಕ್ಕೆ ಸಲ್ಲದು. ಇಂಧನಗಳನ್ನು ಒಂದಕ್ಕೊಂದು ಹೋಲಿಸಬಹುದು, ಅಷ್ಟೇ.

ಹೋಲಿಸಿದ್ದು ತೋಟದ ಸಿಲ್ವರ್ ಓಕ್, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನ (ಕಾಫಿ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡೋ ಕಾರ್ಖಾನೆ) ಕಾಫಿ ಹೊಟ್ಟು, ಅರಸೀಕೆರೆ ಕಡೆಯ ತೆಂಗಿನ ಕರಟ. ಎಲ್ಲವನ್ನೂ ಓವನ್‌ನಲ್ಲಿ 105 ಡಿಗ್ರಿಯಲ್ಲಿಟ್ಟು, ತೂಕ ಇಳಿಯೋದು ನಿಲ್ಲೋವರೆಗೂ ಒಣಗಿಸಿದೆ. ಹೊಟ್ಟನ್ನು ಅಂಟು ಬೆರೆಸದೆ ಒತ್ತಿ ಬಿಲ್ಲೆ ಮಾಡಿದೆ. ಕರಟ ಸ್ವಲ್ಪ ಮುಂದೆ. ಉಳಿದೆರಡು ಹೆಚ್ಚುಕಮ್ಮಿ ಸಮ. ಹೊಟ್ಟಿನ ಬೂದಿ ಮಾತ್ರ ಜಾಸ್ತಿ.

ದೊಡ್ಡ ವ್ಯತ್ಯಾಸ ಕಂಡಿದ್ದು ಹಸಿ ಸೌದೆಯಲ್ಲಿ. ಶಾಖವೆಲ್ಲ ನೀರು ಆರಿಸೋಕೇ ಹೋಗುತ್ತೆ ಅಂತ ನಮ್ಮಲ್ಲಿ ಹೇಳ್ತಾರೆ. ಲೆಕ್ಕ ಬೇರೆ ಹೇಳುತ್ತೆ. ಪೂರ್ತಿ ಒಣಗಿದ ಸೌದೆಯಿಂದ ಕೆಜಿಗೆ ಸುಮಾರು 18.5 ಮೆಗಾಜೂಲ್ ಸಿಗುತ್ತೆ. ತೂಕದಲ್ಲಿ ನೂರಕ್ಕೆ 30 ಪಾಲು ನೀರಿದ್ದರೆ, ಆ ಕೆಜಿಯಲ್ಲಿರುವ ಮರ 700 ಗ್ರಾಂ ಮಾತ್ರ: 12.95. ಆ 300 ಗ್ರಾಂ ನೀರನ್ನು ಆವಿ ಮಾಡೋಕೆ ಹೋಗೋದು ಸುಮಾರು 0.7. ಉಳಿಯೋದು 12.2. ಅಂದರೆ ಕಳೆದುಕೊಂಡ 6.3ರಲ್ಲಿ ಬಹುಪಾಲು ಆರಿಸೋಕೆ ಹೋದದ್ದಲ್ಲ. ಮರದ ಬೆಲೆ ಕೊಟ್ಟು ನೀರು ಕೊಂಡದ್ದು. ಟನ್ ಲೆಕ್ಕದಲ್ಲಿ ಸೌದೆ ಹಾಕಿಸಿಕೊಳ್ಳುವವರು ಯಾವ ಮರ ಅನ್ನೋದಕ್ಕಿಂತ ಮೊದಲು ಎಷ್ಟು ಒಣಗಿದೆ ಅಂತ ಕೇಳಬೇಕು. ಹಸಿ ಸೌದೆಯ ಹೊಗೆ, ಅರ್ಧಂಬರ್ಧ ಉರಿ, ಇವುಗಳ ನಷ್ಟ ಇದರ ಮೇಲೆ ಬೇರೆ.

ಮುಂದಿನ ಕೆಲಸ: ಇವೇ ಮಾದರಿಗಳನ್ನು ಬಾಂಬ್ ಕ್ಯಾಲೊರಿಮೀಟರ್ (ಗಟ್ಟಿಯಾಗಿ ಮುಚ್ಚಿದ ಪಾತ್ರೆಯೊಳಗೆ ಉರಿಸಿ ಶಾಖ ಅಳೆಯೋ ಉಪಕರಣ) ಇರುವ ಕಾಲೇಜು ಲ್ಯಾಬಿನಲ್ಲಿ ಉರಿಸಿ ನೋಡೋದು. ಅಲ್ಲಿ ಒತ್ತಡದ ಆಮ್ಲಜನಕದಲ್ಲಿ ಚೂರು ಪೂರ್ತಿ ಉರಿಯುತ್ತೆ, ಉಪಕರಣವನ್ನು ಗ್ರಾಮಿಗೆ 26.4 ಕಿಲೋಜೂಲ್ ಕೊಡೋ ಬೆಂಜೋಯಿಕ್ ಆಮ್ಲದಿಂದ ಸರಿಹೊಂದಿಸಿರ್ತಾರೆ. ಆ ಅಂಕಿ ಕೈಗೆ ಬಂದರೆ ನನ್ನ ಡಬ್ಬಿ ಯಾವ ಇಂಧನದಲ್ಲಿ ಎಷ್ಟು ಶಾಖ ಕಳೆದುಕೊಳ್ಳುತ್ತೆ ಅಂತ ಬೇರೆಬೇರೆಯಾಗಿ ಬರೆದಿಡಬಹುದು.