ಪ್ರೋಬ್‌ಗೂ ಮುಂಚೆ ತಿರುಗಿದ ಪಿನ್ನು

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡಕ್ಕೆ ಒಂದು ವಿಚಿತ್ರ ದೂರು ಬಂದಿತ್ತು. ನಾವು ತಯಾರಿಸಿದ ಲಿನಕ್ಸ್ ಆಧಾರಿತ ಕಂಟ್ರೋಲ್ ಬೋರ್ಡಿಗೆ ಕರೆಂಟ್ ಕೊಟ್ಟಾಗಲೆಲ್ಲ, ಅದಕ್ಕೆ ಜೋಡಿಸಿದ ಸಣ್ಣ ಮೋಟರು ಯಾರೂ ಹೇಳದಿದ್ದರೂ ಒಮ್ಮೆ ಅಲುಗಿ ಸುಮ್ಮನಾಗುತ್ತಿತ್ತು. ಕೆಲವು ಸಲ ಆ ಅಲುಗಾಟ ಕಣ್ಣಿಗೆ ಬೀಳದಷ್ಟು ಸಣ್ಣದು, ಮತ್ತೆ ಕೆಲವು ಸಲ ಮೋಟರು ಎರಡು ಮೂರು ಸುತ್ತು ತಿರುಗಿಯೇ ಬಿಡುತ್ತಿತ್ತು. ಒಂದೇ ಬೋರ್ಡು, ಒಂದೇ ಕರ್ನಲ್ (ಲಿನಕ್ಸ್‌ನ ತಿರುಳು). ಆದರೂ ಒಂದು ದಿನ ಕಂಡಂತೆ ಇನ್ನೊಂದು ದಿನ ಕಾಣುತ್ತಿರಲಿಲ್ಲ.

ಮೊದಲ ಅನುಮಾನ ಬಿದ್ದದ್ದು ಡ್ರೈವರಿನ ಮೇಲೆ, ಅಂದರೆ ಮೋಟರಿನ ಹಾರ್ಡ್‌ವೇರನ್ನು ನಡೆಸುವ ಕೋಡಿನ ಮೇಲೆ. ಅದನ್ನು ಬರೆದವನು ನಾನೇ ಆದ್ದರಿಂದ ನುಣುಚಿಕೊಳ್ಳುವ ದಾರಿಯೂ ಇರಲಿಲ್ಲ. ಮೋಟರಿಗೆ ಪಲ್ಸ್ ಕೊಡುವ ಹಾರ್ಡ್‌ವೇರ್ ಬ್ಲಾಕು ರೀಸೆಟ್ ಸ್ಥಿತಿಯಲ್ಲಿರುವಾಗ ತನ್ನ ಔಟ್‌ಪುಟ್ಟನ್ನು ಹೈ ಮಟ್ಟದಲ್ಲಿ ಇಟ್ಟುಕೊಂಡಿರುತ್ತದೆ. ನಮ್ಮ ಬೋರ್ಡಿನಲ್ಲಿ ಹೈ ಎಂದರೆ ಓಡು, ಲೋ ಎಂದರೆ ನಿಲ್ಲು. ಆದ್ದರಿಂದ ಪ್ರೋಬ್ ಫಂಕ್ಷನ್ನಿನಲ್ಲಿ (ಸಾಧನವನ್ನು ಸಿದ್ಧಪಡಿಸಲು ಕರ್ನಲ್ ಕರೆಯುವ ಡ್ರೈವರಿನ ಭಾಗದಲ್ಲಿ) ಬ್ಲಾಕು ನಡೆಯಲು ಬೇಕಾದ ಕ್ಲಾಕ್ ಪಡೆದು, ಬ್ಲಾಕನ್ನು ರೀಸೆಟ್‌ನಿಂದ ಹೊರತಂದು, ಪೋಲಾರಿಟಿಯ (ಹೈ-ಲೋಗಳನ್ನು ಅದಲುಬದಲು ಮಾಡುವ) ಬಿಟ್ಟನ್ನು ತಿರುಗಿಸಿದ ಮೇಲೆಯೇ ಉಳಿದ ಕೆಲಸ ಎಂದು ಎಚ್ಚರದಿಂದ ಬರೆದಿದ್ದೆ. ಕರ್ನಲ್‌ಗೂ ಮೊದಲು ಓಡುವ ಬೂಟ್‌ಲೋಡರ್ ಕೂಡ ತನ್ನ ಪಾಲಿನ ಜಾಗ್ರತೆ ವಹಿಸಿ, ಆ ಪಿನ್ನನ್ನು ಸಾಮಾನ್ಯ ಜಿಪಿಐಒ (ಸಾಫ್ಟ್‌ವೇರ್ ನೇರವಾಗಿ ಹೈ ಅಥವಾ ಲೋ ಮಾಡಬಲ್ಲ ಪಿನ್ನು) ಆಗಿ ಲೋ ಮಟ್ಟದಲ್ಲಿ ಹಿಡಿದು ಕರ್ನಲ್‌ಗೆ ಒಪ್ಪಿಸುತ್ತಿತ್ತು. ಹೀಗೆ ಕೊಡುವವರೂ ಸರಿ, ತೆಗೆದುಕೊಳ್ಳುವವರೂ ಸರಿ ಎಂದಿರುವಾಗ ಮೋಟರು ಅಲುಗುವುದು ಯಾರ ಕೈಯಿಂದ ಎನ್ನುವುದೇ ಪ್ರಶ್ನೆಯಾಗಿತ್ತು.

ಆಸಿಲೋಸ್ಕೋಪ್ ಹಚ್ಚಿ ನೋಡಿದಾಗ ಲೋ ಇದ್ದ ಗೆರೆ ಥಟ್ಟನೆ ಹೈಗೆ ಏರಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಮತ್ತೆ ಲೋಗೆ ಇಳಿಯುತ್ತಿತ್ತು. ಆ ಏರಿಕೆ ನನ್ನ ಕೋಡಿನ ಯಾವ ಸಾಲಿನದು ಎಂದು ತಿಳಿಯಲು, ಪ್ರೋಬ್ ಫಂಕ್ಷನ್ನಿನ ಮೊಟ್ಟಮೊದಲ ಸಾಲಿನಲ್ಲೇ ಬೋರ್ಡಿನ ಇನ್ನೊಂದು ಖಾಲಿ ಪಿನ್ನನ್ನು ಏರಿಸುವ ತಾತ್ಕಾಲಿಕ ಕೋಡ್ ಸೇರಿಸಿ, ಎರಡನೆಯ ಪ್ರೋಬನ್ನು (ಇದು ಸ್ಕೋಪಿನ ಕಡ್ಡಿ, ಡ್ರೈವರಿನ ಫಂಕ್ಷನ್ ಅಲ್ಲ) ಅದಕ್ಕೆ ಹಚ್ಚಿದೆ. ಗುರುತಿನ ಪಿನ್ನು ಏರುವ ಮೊದಲೇ ಮೋಟರಿನ ಪಿನ್ನು ಏರಿಯಾಗಿತ್ತು. ಅಂದರೆ ನನ್ನ ಡ್ರೈವರಿನ ಮೊದಲ ಸಾಲು ಓಡುವುದಕ್ಕೂ ಮುಂಚೆ ಬೇರೆ ಯಾರೋ ಆ ಪಿನ್ನನ್ನು ಬ್ಲಾಕಿನ ಕಡೆಗೆ ತಿರುಗಿಸಿದ್ದರು.

ಆ ಬೇರೆಯವರು ಕರ್ನಲ್ಲೇ. ಈಗಿನ ಎಸ್‌ಒಸಿಗಳಲ್ಲಿ (ಹೆಚ್ಚುಕಡಿಮೆ ಇಡೀ ಕಂಪ್ಯೂಟರನ್ನೇ ಅಡಗಿಸಿಕೊಂಡ ಚಿಪ್ಪುಗಳಲ್ಲಿ) ಒಂದೊಂದು ಪಿನ್ನಿಗೂ ಹಲವು ವೇಷ: ಅದೇ ಪಿನ್ನು ಜಿಪಿಐಒ ಆಗಬಹುದು, ಯುಎಆರ್‌ಟಿ ಎಂಬ ಸಂವಹನದ ತಂತಿಯಾಗಬಹುದು, ಪಲ್ಸ್‌ಗಳ ಅಗಲದಿಂದ ನಿಯಂತ್ರಿಸುವ ಪಿಡಬ್ಲ್ಯೂಎಂ ಔಟ್‌ಪುಟ್ಟೂ ಆಗಬಹುದು. ಯಾವಾಗ ಯಾವ ವೇಷ ಎಂಬುದನ್ನು ಲಿನಕ್ಸ್‌ನಲ್ಲಿ ಪಿನ್‌ಕಂಟ್ರೋಲ್ ಎಂಬ ಉಪವ್ಯವಸ್ಥೆ ನೋಡಿಕೊಳ್ಳುತ್ತದೆ. ಒಂದು ಕಾಲದಲ್ಲಿ ಪ್ರತಿಯೊಂದು ಡ್ರೈವರೂ ತನ್ನ ಪಿನ್ನುಗಳ ಹಿಡಿಕೆಯನ್ನು ತಾನೇ ಕೇಳಿ ಪಡೆದು, ‘ಡಿಫಾಲ್ಟ್’ ಎಂಬ ಸ್ಥಿತಿಯನ್ನು ತಾನೇ ಆಯ್ಕೆ ಮಾಡಬೇಕಾಗಿತ್ತು. ಒಂದೇ ಬಗೆಯ ಐದಾರು ಸಾಲುಗಳು ಡ್ರೈವರಿಂದ ಡ್ರೈವರಿಗೆ ನಕಲಾಗುತ್ತಾ ಹೋಗುತ್ತಿದ್ದವು. 2013ರ ಏಪ್ರಿಲ್‌ನಲ್ಲಿ ಬಂದ ಕರ್ನಲ್‌ನ 3.9ನೆಯ ಆವೃತ್ತಿಯಲ್ಲಿ, ಪಿನ್‌ಕಂಟ್ರೋಲ್ ನಿರ್ವಾಹಕರಾದ ಲೀನಸ್ ವಾಲೈ ಅವರ ಬದಲಾವಣೆಯಿಂದ, ಆ ಕೆಲಸ ಡ್ರೈವರ್ ಕೋರಿಗೆ, ಅಂದರೆ ಸಾಧನಗಳಿಗೆ ಡ್ರೈವರುಗಳನ್ನು ಜೋಡಿಸುವ ಕರ್ನಲ್‌ನ ಭಾಗಕ್ಕೆ, ವರ್ಗವಾಯಿತು. (ಇವರು ಕರ್ನಲ್‌ನ ಮೂಲಕರ್ತರಾದ ಇನ್ನೊಬ್ಬ ಲೀನಸ್ ಅಲ್ಲ, ಹೆಸರು ನೋಡಿ ನಾನೂ ಒಮ್ಮೆ ಗೊಂದಲಕ್ಕೆ ಬಿದ್ದಿದ್ದೆ.) ಅಲ್ಲಿಂದ ಮುಂದೆ ಸಾಧನವೊಂದಕ್ಕೆ ಡ್ರೈವರ್ ಹೊಂದಿಕೆಯಾದ ಕೂಡಲೇ ಕೋರ್ ಮೊದಲು ಪಿನ್ನುಗಳನ್ನು ಡಿಫಾಲ್ಟ್ ಸ್ಥಿತಿಗೆ ತಿರುಗಿಸುತ್ತದೆ, ಆ ಬಳಿಕವೇ ಡ್ರೈವರಿನ ಪ್ರೋಬನ್ನು ಕರೆಯುತ್ತದೆ.

ನೂರಕ್ಕೆ ತೊಂಬತ್ತೊಂಬತ್ತು ಡ್ರೈವರುಗಳಿಗೆ ಇದು ವರವೇ ಸರಿ ಎಂದು ನಾನು ಈಗಲೂ ನಂಬಿದ್ದೇನೆ. ಯುಎಆರ್‌ಟಿ, ಐ2ಸಿ, ಎಸ್‌ಪಿಐಯಂಥ ಸಂವಹನ ತಂತಿಗಳಿಗೆ ಡ್ರೈವರ್ ಬರೆಯುವವರು ಪಿನ್ನಿನ ಯೋಚನೆಯನ್ನೇ ಮಾಡಬೇಕಿಲ್ಲ. ತೊಡಕು ಬರುವುದು ಪಿನ್ನಿನ ಆಚೆ ಕಡೆ ಕಾಯುತ್ತಿರುವ ವಸ್ತು ಒಂದು ಕ್ಷಣದ ತಪ್ಪನ್ನೂ ಸಹಿಸದಂಥದ್ದಾದಾಗ. ನಮ್ಮ ಪ್ರಕರಣದಲ್ಲಿ ಬೂಟ್‌ಲೋಡರ್ ಇಟ್ಟ ಸ್ಥಿತಿಯೂ ಸರಿಯಾಗಿತ್ತು, ಪ್ರೋಬ್ ಮುಗಿದ ಮೇಲಿನ ಸ್ಥಿತಿಯೂ ಸರಿಯಾಗಿತ್ತು. ತಪ್ಪಿದ್ದದ್ದು ಎರಡರ ನಡುವಿನ ಅನುಕ್ರಮದಲ್ಲಿ. ಬ್ಲಾಕಿಗೆ ಪೋಲಾರಿಟಿ ಹೇಳಿಕೊಡುವ ಮುನ್ನವೇ ಅದರ ಧ್ವನಿಯನ್ನು ಮೋಟರಿಗೆ ಕೇಳಿಸಿದಂತಾಗಿತ್ತು.

ಅಲುಗಾಟದ ಅಳತೆ ದಿನದಿನಕ್ಕೆ ಬೇರೆಯಾಗುತ್ತಿದ್ದುದಕ್ಕೂ ಇಲ್ಲಿಯೇ ಉತ್ತರ ಸಿಕ್ಕಿತು. ಪಿನ್ನು ತಿರುಗಿದ ಮೇಲೆ ಪ್ರೋಬ್ ತಡೆಯಿಲ್ಲದೆ ಓಡಿದರೆ ಆ ಅಂತರ ಬಹಳ ಚಿಕ್ಕದು, ಮೋಟರಿಗೆ ಗೊತ್ತೂ ಆಗದು. ಆದರೆ ನನ್ನ ಪ್ರೋಬ್ ಕೇಳುತ್ತಿದ್ದ ಕ್ಲಾಕನ್ನು ಕೊಡಬೇಕಾದ ಡ್ರೈವರ್ ಇನ್ನೂ ಸಿದ್ಧವಾಗಿರದಿದ್ದರೆ, ಪ್ರೋಬ್ ‘ಆಮೇಲೆ ಬಾ’ ಎಂಬರ್ಥದ ಡಿಫರ್ ಸಂಕೇತವನ್ನು ಹಿಂದಿರುಗಿಸಿ ಹೊರಬೀಳುತ್ತಿತ್ತು. ಆಗ ಕೋರ್ ತಾನು ಪಡೆದಿದ್ದ ಪಿನ್ನಿನ ಹಿಡಿಕೆಯನ್ನು ಬಿಟ್ಟುಕೊಡುತ್ತದೆ ನಿಜ, ಆದರೆ ಹಾರ್ಡ್‌ವೇರ್ ರೆಜಿಸ್ಟರಿನಲ್ಲಿ ಬರೆದದ್ದನ್ನು ಸಾಮಾನ್ಯವಾಗಿ ಯಾರೂ ಹಿಂದಕ್ಕೆ ತಿರುಗಿಸುವುದಿಲ್ಲ. ಹೀಗಾಗಿ ಪಿನ್ನು ಬ್ಲಾಕಿನ ಕಡೆಗೇ ತಿರುಗಿಕೊಂಡು, ಬ್ಲಾಕು ರೀಸೆಟ್‌ನಲ್ಲೇ ಕುಳಿತು, ಮತ್ತೊಂದು ಸುತ್ತಿನ ಪ್ರಯತ್ನ ಬರುವವರೆಗೂ ಮೋಟರಿಗೆ ‘ಓಡು’ ಎಂಬ ಆಜ್ಞೆ ಹೋಗುತ್ತಲೇ ಇರುತ್ತಿತ್ತು. ಮೋಟರು ಸುತ್ತು ಹೊಡೆದ ದಿನಗಳು ಇವೇ.

ಕಾರಣ ಗೊತ್ತಾದ ಮೇಲೂ ಪರಿಹಾರಕ್ಕೆ ಒಂದೆರಡು ಅಡ್ಡದಾರಿ ಹಿಡಿದೆವು. ಒಬ್ಬ ಸಹೋದ್ಯೋಗಿ ಡ್ರೈವರನ್ನು ಬೂಟ್‌ನ ಇನ್ನೂ ಮುಂಚಿನ ಹಂತಕ್ಕೆ ಸರಿಸಿ ನೋಡಿದರು. ಕರ್ನಲ್‌ನ ಇನಿಟ್‌ಕಾಲ್‌ಗಳು (ಬೂಟ್ ಆಗುವಾಗ ಓಡುವ ಆರಂಭಿಕ ಫಂಕ್ಷನ್ನುಗಳು) ಮಟ್ಟ ಮಟ್ಟವಾಗಿ ಓಡುತ್ತವೆ. ಕೋರ್, ಆರ್ಕ್, ಸಬ್‌ಸಿಸ್, ಎಫ್‌ಎಸ್ ಮೊದಲಾದವು ಮುಗಿದ ಮೇಲೆ ಡಿವೈಸ್ ಮಟ್ಟ, ಕೊನೆಗೆ ಲೇಟ್ ಮಟ್ಟ. ನಮ್ಮಂಥ ಸಾಮಾನ್ಯ ಡ್ರೈವರು ಇರುವುದು ಡಿವೈಸ್ ಮಟ್ಟದಲ್ಲಿ, ಅದನ್ನು ಅವರು ಸಬ್‌ಸಿಸ್ ಮಟ್ಟಕ್ಕೆ ಏರಿಸಿದರು. ಪರಿಸ್ಥಿತಿ ಇನ್ನೂ ಕೆಟ್ಟಿತು. ಪಿನ್ನು ತಿರುಗುವುದು ಆಯಾ ಸಾಧನದ ಪ್ರೋಬಿಗೆ ಅಂಟಿಕೊಂಡೇ ಆದ್ದರಿಂದ, ಡ್ರೈವರನ್ನು ಎಷ್ಟು ಮುಂದಕ್ಕೆ ಎಳೆದರೂ ಅದೂ ಜೊತೆಗೇ ಬರುತ್ತದೆ. ಅಷ್ಟು ಬೇಗ ಕ್ಲಾಕ್ ಸಿದ್ಧವಿಲ್ಲದೆ ಡಿಫರ್ ಆಗುವ ಸಂಭವ ಮಾತ್ರ ಹೆಚ್ಚಾಯಿತು. ಬೂಟ್‌ಲೋಡರಿನಲ್ಲೇ ಪೋಲಾರಿಟಿ ತಿದ್ದುವ ಮಾತೂ ಬಂತು. ಆದರೆ ಆಗಲೇ ಊರೂರಿಗೆ ಹೋಗಿದ್ದ ಬೋರ್ಡುಗಳ ಬೂಟ್‌ಲೋಡರನ್ನು ದೂರದಿಂದ ಬದಲಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಮಗೆ ಬೇಕಾಗಿದ್ದದ್ದು ಕರ್ನಲ್‌ನಲ್ಲಿ ಮೊದಲೇ ಇತ್ತು, ನಾವು ಓದಿರಲಿಲ್ಲ ಅಷ್ಟೆ. ಗೂಗಲ್‌ನ ಕ್ರೋಮಿಯಂ ತಂಡದ ಡಗ್ಲಸ್ ಆ್ಯಂಡರ್ಸನ್ ಅವರು 2015ರಲ್ಲಿ ಪಿನ್‌ಕಂಟ್ರೋಲ್‌ಗೆ ‘ಇನಿಟ್’ ಎಂಬ ಹೊಸ ಸ್ಥಿತಿಯೊಂದನ್ನು ಸೇರಿಸಿದರು. 2016ರ ಜನವರಿಯ 4.4ನೆಯ ಆವೃತ್ತಿಯಿಂದ ಅದು ಎಲ್ಲರಿಗೂ ಲಭ್ಯವಾಯಿತು. ಆ ಬದಲಾವಣೆಯ ಟಿಪ್ಪಣಿಯಲ್ಲಿ ಅವರು ಕೊಟ್ಟ ಉದಾಹರಣೆ ಪಿಡಬ್ಲ್ಯೂಎಂ ಮೂಲಕ ನಿಯಂತ್ರಿಸುವ ವೋಲ್ಟೇಜ್ ರೆಗ್ಯುಲೇಟರಿನದು. ಫರ್ಮ್‌ವೇರ್ ಪಿನ್ನನ್ನು ಹೈ ಮಟ್ಟದಲ್ಲಿ ಬಿಟ್ಟಿರುತ್ತದೆ, ಆದ್ದರಿಂದ ವೋಲ್ಟೇಜೂ ಮೇಲಿರುತ್ತದೆ. ಪ್ರೋಬಿಗೆ ಮುನ್ನವೇ ಕೋರ್ ಅದನ್ನು ಪಿಡಬ್ಲ್ಯೂಎಂ ಕಡೆಗೆ ತಿರುಗಿಸಿದರೆ ಪ್ರೋಬ್ ನಡೆಯುವಷ್ಟು ಹೊತ್ತೂ ಇರಬೇಕಾದುದಕ್ಕಿಂತ ಕಡಿಮೆ ವೋಲ್ಟೇಜಿನಲ್ಲಿ ಓಡಬೇಕಾಗಬಹುದು. ನಮ್ಮ ಮೋಟರಿನ ಕಥೆಯೂ ಇದೇ, ಹೈ ಮತ್ತು ಲೋ ಮಾತ್ರ ಅದಲುಬದಲು.

ಇನಿಟ್ ಕೆಲಸ ಮಾಡುವ ಬಗೆ ಸರಳವಾಗಿದೆ. ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರನ್ನು ಕರ್ನಲ್‌ಗೆ ವಿವರಿಸುವ ಕಡತದಲ್ಲಿ) ಸಾಧನಕ್ಕೆ ಇನಿಟ್ ಎಂಬ ಹೆಸರಿನ ಸ್ಥಿತಿ ಇದ್ದರೆ ಕೋರ್ ಪ್ರೋಬಿಗೆ ಮುಂಚೆ ಡಿಫಾಲ್ಟ್ ಬದಲು ಅದನ್ನು ಆಯ್ಕೆ ಮಾಡುತ್ತದೆ. ಪ್ರೋಬ್ ಯಶಸ್ವಿಯಾಗಿ ಮುಗಿದ ಮೇಲೆ ಪಿನ್ನು ಇನ್ನೂ ಇನಿಟ್‌ನಲ್ಲೇ ಇದೆಯೇ ಎಂದು ನೋಡಿ, ಇದ್ದರೆ ಡಿಫಾಲ್ಟ್‌ಗೆ ತಿರುಗಿಸುತ್ತದೆ. ಪ್ರೋಬ್‌ನ ನಡುವೆ ಡ್ರೈವರೇ ಬೇರೆ ಸ್ಥಿತಿಯನ್ನು ಆರಿಸಿಕೊಂಡಿದ್ದರೆ ಕೋರ್ ಅದನ್ನು ಮುಟ್ಟುವುದಿಲ್ಲ. ಈ ಕೊನೆಯ ಸೌಜನ್ಯ ನನಗೆ ಬಹಳ ಹಿಡಿಸಿತು: ಸ್ವಯಂಚಾಲಿತ ಏರ್ಪಾಡು ತಾನು ಮಾಡುವುದನ್ನು ಬಿಟ್ಟಿಲ್ಲ, ತಿಳಿದವರು ಮುಂದೆ ಬಂದರೆ ಜಾಗ ಬಿಡುವುದನ್ನೂ ಕಲಿತಿದೆ. ಮೊದಲೇ ಇದ್ದ ‘ಸ್ಲೀಪ್’ ಅಥವಾ ‘ಐಡಲ್’ ಸ್ಥಿತಿಗಳನ್ನೇ ಇದಕ್ಕೆ ಬಳಸಬಾರದೇಕೆ ಎಂಬ ಆಲೋಚನೆಯೂ ಆಗ ನಡೆದಿತ್ತು. ಅವು ವಿದ್ಯುತ್ ನಿರ್ವಹಣೆಯ ಆಯ್ಕೆ ಕರ್ನಲ್‌ನಲ್ಲಿ ಇದ್ದರೆ ಮಾತ್ರ ಜೀವಂತವಾಗಿರುತ್ತವೆ, ಇನಿಟ್ ಬೇಕಾಗಿರುವುದಾದರೋ ಯಂತ್ರ ಸರಿಯಾಗಿ ನಡೆಯುವುದಕ್ಕೆ; ಹಾಗಾಗಿ ಎರಡನ್ನೂ ಒಂದಕ್ಕೊಂದು ಗಂಟು ಹಾಕಲಿಲ್ಲ.

ಇದರ ಬಳಕೆಯನ್ನು ನೋಡಬೇಕೆಂದರೆ ರಾಕ್‌ಚಿಪ್ ಆರ್‌ಕೆ3288 ಚಿಪ್ಪಿನ ಡಿವೈಸ್ ಟ್ರೀ ತೆರೆಯಬಹುದು. ಆ ಕಾಲದ ಹಲವು ಕ್ರೋಮ್‌ಬುಕ್ಕುಗಳಲ್ಲಿಯೂ ಮುಂದೆ ಏಸಸ್‌ನ ಟಿಂಕರ್ ಬೋರ್ಡಿನಲ್ಲಿಯೂ ಇದ್ದದ್ದು ಇದೇ ಚಿಪ್ಪು. ಅದರ ತಾಪಮಾನ ಅಳೆಯುವ ಘಟಕಕ್ಕೆ, ಬಿಸಿ ಮಿತಿಮೀರಿದರೆ ಹೊರಗಿನ ಸರ್ಕ್ಯೂಟಿಗೆ ಎಚ್ಚರಿಕೆ ಕೊಡುವ ಪಿನ್ನೊಂದಿದೆ. ಘಟಕವನ್ನು ರೀಸೆಟ್ ಮಾಡುವಾಗ ಆ ಪಿನ್ನು ಅದರ ಕೈಯಲ್ಲೇ ಇದ್ದರೆ, ಪೋಲಾರಿಟಿಯ ದೆಸೆಯಿಂದ ಸುಳ್ಳು ಹೈ ಸಂಕೇತ ಹೊರಟು, ಚಿಪ್ಪು ತಣ್ಣಗಿದ್ದರೂ ‘ಬೆಂಕಿ ಬೆಂಕಿ’ ಎಂದು ಕೂಗಿದಂತಾಗುತ್ತದೆ. ಅದಕ್ಕಾಗಿ ಅಲ್ಲಿ ಇನಿಟ್ ಮತ್ತು ಸ್ಲೀಪ್ ಸ್ಥಿತಿಗಳೆರಡರಲ್ಲೂ ಪಿನ್ನನ್ನು ಬರೀ ಜಿಪಿಐಒ ಆಗಿ ಇಟ್ಟು, ಡಿಫಾಲ್ಟ್‌ನಲ್ಲಿ ಮಾತ್ರ ಘಟಕದ ಕೈಗೆ ಕೊಟ್ಟಿದ್ದಾರೆ. ನಾವು ಹೆಚ್ಚು ಕಡಿಮೆ ಈ ಮಾದರಿಯನ್ನೇ ಅನುಸರಿಸಿದೆವು. ಡ್ರೈವರಿನ ಸಿ ಕೋಡಿನಲ್ಲಿ ಆಗ ಒಂದು ಸಾಲೂ ಬದಲಾಗಲಿಲ್ಲ.

ಹಾಗೆಂದು ಮೊದಲ ಪ್ರಯತ್ನದಲ್ಲೇ ಸರಿಹೋಯಿತು ಎಂದೇನೂ ಇಲ್ಲ. ಡಿವೈಸ್ ಟ್ರೀಯಲ್ಲಿ ಸ್ಥಿತಿಗಳ ಹೆಸರುಗಳು ಒಂದು ಪಟ್ಟಿಯಲ್ಲಿರುತ್ತವೆ. ಪಿನ್ನಿನ ವಿವರಗಳು ಸೊನ್ನೆ, ಒಂದು, ಎರಡು ಎಂಬ ಅಂಕಿಗಳ ಮೂಲಕ ಆ ಪಟ್ಟಿಯ ಸ್ಥಾನಕ್ಕೆ ಹೊಂದಿಕೊಳ್ಳುತ್ತವೆ. ನಾನು ಪಟ್ಟಿಯ ತಲೆಗೆ ಇನಿಟ್ ಸೇರಿಸಿದೆ, ಅಂಕಿಗಳನ್ನು ಸರಿಸಲು ಮರೆತೆ. ಇನಿಟ್ ಹೆಸರಿಗೆ ಡಿಫಾಲ್ಟ್‌ನ ಪಿನ್ನು, ಡಿಫಾಲ್ಟ್ ಹೆಸರಿಗೆ ಇನಿಟ್‌ನ ಪಿನ್ನು ಅಂಟಿಕೊಂಡವು. ಬೂಟ್ ಆಗುವಾಗ ಮೋಟರು ಎಂದಿನಂತೆ ಅಲುಗಿತು, ಆಮೇಲೆ ಏನು ಮಾಡಿದರೂ ಓಡಲಿಲ್ಲ. ಅರ್ಧ ದಿನ ಹೋಯಿತು. ಇನ್ನೊಂದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಡಿಫಾಲ್ಟ್ ಇಲ್ಲದೆ ಇನಿಟ್ ಒಂದನ್ನೇ ಬರೆದರೆ ಕೋರ್ ಏನನ್ನೂ ಮಾಡುವುದಿಲ್ಲ, ಅದು ಮೊದಲು ಹುಡುಕುವುದು ಡಿಫಾಲ್ಟನ್ನೇ.

ಇನಿಟ್ ನೆರವಾಗದ ಒಂದು ಸಂದರ್ಭವೂ ಇದೆ, ಮತ್ತು ಅದು ಅಪರೂಪದ್ದೇನಲ್ಲ. ಇನಿಟ್ ಕಾಯುವುದು ಒಂದೇ ಸಾಧನದ ಪ್ರೋಬ್ ಮುಗಿಯುವವರೆಗೆ. ಪಿಡಬ್ಲ್ಯೂಎಂ ಕಂಟ್ರೋಲರಿನ ಪ್ರೋಬ್ ಮುಗಿದರೂ ಅದರಿಂದ ಪಲ್ಸ್ ಹೊರಡಿಸುವ ಕೆಲಸ ಇನ್ನೊಂದು ಡ್ರೈವರಿನದು, ಉದಾಹರಣೆಗೆ ರೆಗ್ಯುಲೇಟರಿನದು ಅಥವಾ ಬ್ಯಾಕ್‌ಲೈಟಿನದು, ಆಗಿರುತ್ತದೆ. ಪಿನ್ನಿನ ವಿವರವನ್ನು ಕಂಟ್ರೋಲರಿನ ಕೆಳಗೆ ಬರೆದಿದ್ದರೆ ಬಳಸುವವರು ಬರುವ ಮೊದಲೇ ಡಿಫಾಲ್ಟ್ ಜಾರಿಯಾಗಿ ಹಳೆಯ ತೊಂದರೆ ಸ್ವಲ್ಪ ತಡವಾಗಿ ಮರಳುತ್ತದೆ. ಪಿನ್ನನ್ನು ಬಳಸುವ ಸಾಧನದ ಕೆಳಗೆ ಬರೆಯುವುದು ಒಂದು ಉಪಾಯ. ಇನ್ನೊಂದು ಉಪಾಯವೆಂದರೆ ಡಿಫಾಲ್ಟ್ ಎಂಬ ಹೆಸರನ್ನೇ ಬಿಟ್ಟು ಸ್ವಂತ ಹೆಸರಿನ ಸ್ಥಿತಿಯನ್ನು ಬರೆಯುವುದು. ಆಗ ಕೋರ್ ದೂರ ಉಳಿಯುತ್ತದೆ, ಡ್ರೈವರೇ ತನಗೆ ಬೇಕಾದ ಹೊತ್ತಿಗೆ ಆರಿಸಿಕೊಳ್ಳಬೇಕು. ಅದು 3.9ಕ್ಕೂ ಹಿಂದಿನ ಕಾಲಕ್ಕೆ ಮರಳಿದಂತೆ ಎನ್ನಿಸುವುದರಿಂದ ನಾನು ಅದನ್ನು ಕೊನೆಯ ದಾರಿಯಾಗಿ ಮಾತ್ರ ಇಟ್ಟುಕೊಂಡಿದ್ದೇನೆ.

ಅಂಕಿಗಳನ್ನು ಸರಿಪಡಿಸಿದ ಮೇಲೆ ಸ್ಕೋಪಿನ ಗೆರೆ ಬೂಟ್ ಉದ್ದಕ್ಕೂ ನೆಲ ಬಿಟ್ಟು ಏಳಲಿಲ್ಲ. ಕ್ಲಾಕಿನ ಡ್ರೈವರನ್ನು ಬೇಕೆಂದೇ ತಡವಾಗಿ ಲೋಡ್ ಮಾಡಿ ಡಿಫರ್ ಬರಿಸಿದಾಗಲೂ ಪಿನ್ನು ಇನಿಟ್‌ನಲ್ಲೇ ಲೋ ಆಗಿ ಕಾಯುತ್ತಿತ್ತು. ಅಷ್ಟರಲ್ಲಿ ಪರೀಕ್ಷೆ ಮಾಡುತ್ತಿದ್ದ ಹುಡುಗನೊಬ್ಬ ಡ್ರೈವರಿನ ಮಾಡ್ಯೂಲನ್ನು ತೆಗೆದುಹಾಕಿದ, ಮೋಟರು ಮತ್ತೆ ಅಲುಗಿತು. ಇನಿಟ್ ಎನ್ನುವುದು ಬರುವ ದಾರಿಗೆ ಮಾತ್ರ. ಹೋಗುವಾಗ ಕೋರ್ ಪಿನ್ನನ್ನು ಹಿಂದಕ್ಕೆ ತಿರುಗಿಸುವುದಿಲ್ಲ, ನನ್ನ ರಿಮೂವ್ ಫಂಕ್ಷನ್ ಮಾತ್ರ ಶ್ರದ್ಧೆಯಿಂದ ಬ್ಲಾಕನ್ನು ರೀಸೆಟ್‌ಗೆ ತಳ್ಳುತ್ತಿತ್ತು. ಹಾಗಾಗಿ ಕೊನೆಗೆ ಸಿ ಕೋಡಿಗೂ ಕೈ ಹಾಕಬೇಕಾಯಿತು: ರಿಮೂವ್‌ನಲ್ಲಿ ಮೊದಲು ಡ್ರೈವರೇ ಸ್ಲೀಪ್ ಸ್ಥಿತಿಯನ್ನು ಹೆಸರು ಹಿಡಿದು ಹುಡುಕಿ ಪಿನ್ನನ್ನು ಜಿಪಿಐಒಗೆ ಒಪ್ಪಿಸುತ್ತದೆ, ಆಮೇಲೆ ರೀಸೆಟ್, ಅದರ ಹಿಂದೆ ಕ್ಲಾಕ್ ಆಫ್.