ಎರಡು ಬಾಟಲಿ ಬಿಯರ್ ಮತ್ತು ಬೆಳಗಿನ ಕ್ಲಾಸ್

ಅಕ್ಕನ ಮಗ ಈ ವರ್ಷ ಇಂಜಿನಿಯರಿಂಗ್ ಸೇರಿದ್ದಾನೆ. ಹೋದ ವಾರ ಹಾಸ್ಟೆಲ್‌ನಿಂದ ಫೋನ್ ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ ಕೇಳಿದ: "ಮಾಮ, ಶನಿವಾರ ರೂಮಲ್ಲಿ ಎಲ್ಲರೂ ಕುಡೀತಾರೆ. ವಾರಕ್ಕೊಂದ್ಸಲ ತಾನೇ, ಓದೋಕೇನೂ ತೊಂದರೆ ಆಗಲ್ಲ ಅಲ್ವಾ?" ಕೇಳಿದನಲ್ಲ ಅಂತ ಸಮಾಧಾನವಾಯಿತು. ಫೋನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಾಲೇಜಲ್ಲಿದ್ದಾಗ ನನ್ನ ರೂಂಮೇಟ್ ನನಗಿಂತ ಚುರುಕು. ಎಂ-3 ಅಂದರೆ ಮೂರನೇ ಸೆಮಿಸ್ಟರ್ ಗಣಿತದ ಲೆಕ್ಕಗಳನ್ನು ನನಗೆ ಹೇಳಿಕೊಟ್ಟಿದ್ದೇ ಅವನು. ಅವನದೂ ಶನಿವಾರ ಅಂತಲೇ ಶುರುವಾಯಿತು, ಆಮೇಲೆ ಇಂಟರ್ನಲ್ಸ್ ಮುಗಿಯಿತು ಅಂತ ಒಂದು ದಿನ, ಯಾರದೋ ಬರ್ತ್‌ಡೇ ಅಂತ ಇನ್ನೊಂದು ದಿನ, ಹೀಗೆ ವಾರದ ಮಧ್ಯಕ್ಕೂ ಬಂತು. ಅವನು ಪುಸ್ತಕ ಬಿಡಲಿಲ್ಲ. ತಪ್ಪಿದ್ದು ಬೆಳಗಿನ ಕ್ಲಾಸ್.

ಇದರ ಲೆಕ್ಕ ತುಂಬಾ ಸರಳ. 650 ಎಂಎಲ್ ಸ್ಟ್ರಾಂಗ್ ಬಿಯರ್‌ನಲ್ಲಿ ಶೇ 8ರಷ್ಟು ಆಲ್ಕೋಹಾಲ್ ಇದ್ದರೆ, ಒಂದು ಬಾಟಲಿಗೆ ಸುಮಾರು 40 ಗ್ರಾಂ ಆಯಿತು. ನಮ್ಮ ಲಿವರ್ ಗಂಟೆಗೆ ಹೆಚ್ಚುಕಮ್ಮಿ 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ಎರಡು ಬಾಟಲಿ ಅಂದರೆ ಎಂಟು ಗಂಟೆಗಿಂತ ಜಾಸ್ತಿ. ರಾತ್ರಿ ಹನ್ನೆರಡಕ್ಕೆ ಮುಗಿಸಿದವನು ಬೆಳಗ್ಗೆ ಎಂಟಕ್ಕೆ ಎದ್ದು ಕೂತರೂ ಮೈಯಲ್ಲಿ ಅದು ಇನ್ನೂ ಇರಬಹುದು. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರ ಸ್ನಾನ, ಯಾವುದೂ ಲಿವರ್‌ಗೆ ಅವಸರ ಮಾಡಿಸುವುದಿಲ್ಲ.

"ಕುಡಿದರೆ ಒಳ್ಳೆ ನಿದ್ದೆ ಬರುತ್ತೆ" ಅಂತ ಅವನು ಹೇಳುತ್ತಿದ್ದ. ಬೇಗ ನಿದ್ದೆ ಹತ್ತುವುದು ನಿಜ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಪದೇಪದೇ ಮುರಿಯುತ್ತದೆ, ಒಟ್ಟಾರೆ ಕನಸು ಬೀಳುವ ಹಂತದ ನಿದ್ದೆಯೂ ಕಡಿಮೆಯಾಗುತ್ತದೆ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗಬೇಕಾದರೆ ಸರಿಯಾದ ನಿದ್ದೆ ಬೇಕು. ಹಾಗಾಗಿ ಭಾನುವಾರ ಪುಸ್ತಕ ಹಿಡಿದು ಕೂತರೂ ಒಂದೇ ಪುಟವನ್ನು ಮೂರು ಸಲ ತಿರುವುತ್ತಿದ್ದ, ನಾನು ಎದುರು ಮಂಚದಲ್ಲಿ ಕೂತು ನೋಡುತ್ತಿದ್ದೆ.

ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನಲ್ಲಿ ಶೇ 85 ಹಾಜರಾತಿ ಬೇಕು. ಅವನಿಗೆ ಎರಡು ವಿಷಯದಲ್ಲಿ ಶಾರ್ಟೇಜ್ ಬಂತು, ಆ ಪರೀಕ್ಷೆ ಬರೆಯಲಾಗಲಿಲ್ಲ, ಪಾಸಾಗದೆ ಉಳಿದ ವಿಷಯಗಳ ಬ್ಯಾಕ್‌ಲಾಗ್ ಸೇರುತ್ತಾ ಹೋಗಿ ಒಂದು ವರ್ಷವೇ ಹೋಯಿತು. ಸೆಂಡ್‌ಆಫ್ ದಿನ ನಾವೆಲ್ಲ ಫೋಟೋ ತೆಗೆಸಿಕೊಳ್ಳುವಾಗ ಅವನು ಜೂನಿಯರ್‌ಗಳ ಜೊತೆ ಲ್ಯಾಬ್‌ನಲ್ಲಿದ್ದ. ಎಷ್ಟೋ ದಿನ ಹಾಜರಾತಿ ಕರೆಯುವಾಗ ಅವನ ಬದಲು ಪ್ರಾಕ್ಸಿ ಕೂಗಿದವನು ನಾನೇ. ಅದನ್ನೇ ಸ್ನೇಹ ಅಂದುಕೊಂಡಿದ್ದೆ. ಎಬ್ಬಿಸಿ ಕರೆದುಕೊಂಡು ಹೋಗಬೇಕಿತ್ತು, ಇವತ್ತಿಗೂ ಅದು ಚುಚ್ಚುತ್ತದೆ.

ನಮ್ಮ ರಾಜ್ಯದಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲು 2023ರ ಜನವರಿಯಲ್ಲಿ ಸರ್ಕಾರ ಕರಡು ತಂದು, ವಿರೋಧ ಬಂದ ಮೇಲೆ ಕೈಬಿಟ್ಟಿತು. ಒಳ್ಳೆಯದೇ ಆಯಿತು. ಆದರೆ ಹಾಸ್ಟೆಲ್ ರೂಮಲ್ಲಿ ವಯಸ್ಸು ಕೇಳುವವರು ಯಾರು?

ಪುಟ್ಟಾ, ಬೇಡ ಅನ್ನೋಕೆ ಕಷ್ಟವಾದರೆ ಶನಿವಾರ ಬಸ್ ಹತ್ತಿ ನಮ್ಮನೆಗೆ ಬಾ. ನಿನ್ನ ರೂಮಲ್ಲಿ ಯಾರಿಗಾದರೂ ಬಿಡೋಕಾಗ್ತಿಲ್ಲ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸು, ಕನ್ನಡದಲ್ಲೇ ಮಾತಾಡಬಹುದು. ಅಮ್ಮನಿಗೆ ಹೇಳಲ್ಲ. ನೀನು ಮಾತ್ರ ನನಗೆ ಹೇಳೋದನ್ನ ನಿಲ್ಲಿಸಬೇಡ.