ಬಂಡೆ ಮೇಲೆ ನಿಂತು ಜಿಟಿ ಮೀನು ಹಿಡಿಯೋಕೆ ಒಮಾನಿಗೆ ಹೊರಟಿದ್ದೀರಾ?

ದೋಣಿ ಹತ್ತದೆ, ದಡದಿಂದಲೇ ಇಪ್ಪತ್ತು-ಮೂವತ್ತು ಕೆಜಿ ಮೀನಿನ ಜೊತೆ ಸೆಣಸಬೇಕು ಅನ್ನುವವರಿಗೆ ಒಮಾನಿನ ದಕ್ಷಿಣ ಕರಾವಳಿ ಒಳ್ಳೆಯ ಜಾಗ. ಸಲಾಲಾದಿಂದ ಪೂರ್ವಕ್ಕೆ ಹೋದರೆ ಮಿರ್ಬಾತ್, ಸದಾ, ಹಾಸಿಕ್ ಸಿಗುತ್ತವೆ. ನಡುವೆಲ್ಲ ಬಂಡೆ, ಸಣ್ಣ ಸಣ್ಣ ಕೊಲ್ಲಿ. ಮಸ್ಕತ್‌ನಲ್ಲಿ ಕೆಲಸಕ್ಕಿರುವ ನಾವು ಕೆಲವು ಕರಾವಳಿ ಹುಡುಗರು ನವೆಂಬರ್ ಕೊನೆಯಲ್ಲಿ ಅಲ್ಲಿಗೆ ಹೋಗಿದ್ದೆವು. ಗುರಿ ಇದ್ದದ್ದು ಜೈಂಟ್ ಟ್ರೆವಲಿ. ಗಾಳದವರ ಬಾಯಲ್ಲಿ ಬರೀ ಜಿಟಿ. ನಮ್ಮ ಕೊಕ್ಕರ್ ಮೀನಿನ ಕುಟುಂಬದ್ದೇ, ಆದರೆ ದೈತ್ಯ. ಗಾಳಕ್ಕೆ ಬಿದ್ದದ್ದರಲ್ಲಿ ವಿಶ್ವ ದಾಖಲೆ 72.8 ಕೆಜಿ. 2006ರಲ್ಲಿ ಜಪಾನಿನ ತೊಕಾರಾ ದ್ವೀಪಗಳಲ್ಲಿ ಸಿಕ್ಕಿದ್ದು.

ಮೊದಲು ತಿಂಗಳು ನೋಡಿಕೊಳ್ಳಿ. ನಮ್ಮೂರಿಗೆ ಮಳೆ ತರುವ ಮುಂಗಾರು ಗಾಳಿಯೇ ಅಲ್ಲೂ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬೀಸುತ್ತದೆ. ಅವರು ಖರೀಫ್ ಅನ್ನುತ್ತಾರೆ. ಗುಡ್ಡ ಹಸಿರಾಗುತ್ತದೆ, ಪ್ರವಾಸಿಗರು ತುಂಬುತ್ತಾರೆ, ಕಡಲು ಮಾತ್ರ ಹತ್ತಿರ ಸೇರಿಸುವುದಿಲ್ಲ. ಆಗ ಆಳದ ತಣ್ಣೀರು ಮೇಲೆ ಬಂದು ಬಂಡೆಗಳ ಸುತ್ತ ಕಡಲಪಾಚಿ ಕಾಡಿನಂತೆ ಬೆಳೆಯುತ್ತದೆ. ಖರೀಫ್ ಮುಗಿದ ಮೇಲೆ ಅದು ಕಿತ್ತುಕೊಂಡು ತೇಲುತ್ತದೆ. ಅಕ್ಟೋಬರ್‌ನಲ್ಲೇ ಅವಸರ ಮಾಡಿದರೆ ಲೂರ್‌ಗೆ, ಅಂದರೆ ಗಾಳ ಕಟ್ಟಿದ ನಕಲಿ ಮೀನಿಗೆ, ಮೀನಿಗಿಂತ ಪಾಚಿಯೇ ಜಾಸ್ತಿ ಸಿಗುತ್ತದೆ. ಚಳಿಗಾಲದಲ್ಲಿ ಮರುಭೂಮಿ ಕಡೆಯಿಂದ ಬೆಲಾತ್ ಅನ್ನುವ ಗಾಳಿ ಬರುತ್ತದೆ. ಬೆನ್ನ ಹಿಂದಿನಿಂದ ಬೀಸುವುದರಿಂದ ಲೂರ್ ದೂರ ಹೋಗುತ್ತದೆ, ಆದರೆ ಕಣ್ಣಿಗೆ, ರೀಲಿಗೆ ಮರಳು.

ಮಸ್ಕತ್‌ನಿಂದ ಸಲಾಲಾಕ್ಕೆ ರಸ್ತೆಯಲ್ಲಿ ಸುಮಾರು 1000 ಕಿ.ಮೀ. ರಾತ್ರಿ ಓಡಿಸಬೇಡಿ, ರಸ್ತೆಗೆ ಒಂಟೆ ಅಡ್ಡ ಬರುತ್ತವೆ. ಊರಿಂದ ಬರುವವರಿಗೆ ವಿಮಾನವೇ ವಾಸಿ; ರಾಡ್‌ಗೆ ಗಟ್ಟಿ ಪೈಪಿನ ಕೇಸ್ ಮಾಡಿಸಿ. ಸಲಾಲಾದಿಂದ ಮಿರ್ಬಾತ್ ಸುಮಾರು 70 ಕಿ.ಮೀ. ಪೆಟ್ರೋಲ್, ನೀರು, ಐಸ್ ಅಲ್ಲೇ ತುಂಬಿಸಿಕೊಳ್ಳಿ. ಹವ್ಯಾಸಕ್ಕೆ ಹಿಡಿಯುವವರಿಗೂ ಒಮಾನಿನಲ್ಲಿ ಪರವಾನಗಿ ಬೇಕು. ಹೊರಡುವ ಮುಂಚೆಯೇ ಮಾಡಿಸಿಕೊಂಡರೆ ತಲೆನೋವಿಲ್ಲ.

ಸಾಮಾನಿನ ವಿಷಯಕ್ಕೆ ಬರೋಣ. ಹತ್ತಡಿಯ ಗಟ್ಟಿ ರಾಡ್, 14000 ಅಥವಾ 18000 ಅಳತೆಯ ರೀಲ್, 80ರಿಂದ 100 ಪೌಂಡ್ ಎಳೆತ ತಾಳುವ ಬ್ರೇಡ್ (ಹೆಣೆದ) ದಾರ, ಅದರ ತುದಿಗೆ 150 ಪೌಂಡ್ ಲೀಡರ್, ಅಂದರೆ ಉಜ್ಜಾಟ ತಾಳುವ ದಪ್ಪ ದಾರ. ದೋಣಿಯವರಿಗಿಂತ ಲೀಡರ್ ಉದ್ದ ಇರಲಿ. ಬಂಡೆಗೆ ಉಜ್ಜಿದರೆ ಬ್ರೇಡ್ ಕ್ಷಣದಲ್ಲಿ ಕಡಿದುಹೋಗುತ್ತದೆ. ಎರಡನ್ನೂ ಸೇರಿಸುವ ಎಫ್‌ಜಿ ಗಂಟನ್ನು ಮನೆಯಲ್ಲೇ ಕಲಿತು ಬನ್ನಿ. ಗಾಳಿಯಲ್ಲಿ, ಕತ್ತಲಲ್ಲಿ, ಒದ್ದೆ ಕೈಯಲ್ಲಿ ಅದನ್ನು ಕಲಿಯೋಕಾಗಲ್ಲ. ಡ್ರ್ಯಾಗನ್ನು, ಅಂದರೆ ಮೀನು ಎಳೆದಾಗ ರೀಲ್ ದಾರ ಬಿಡುವ ಬಿಗಿಯನ್ನು, ಅಂದಾಜಿಗೆ ಬಿಡದೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿ. ನಾವು ಹತ್ತು ಕೆಜಿ ಹತ್ತಿರ ಇಟ್ಟಿದ್ದೆವು. ಅದಕ್ಕಿಂತ ಬಿಗಿ ಮಾಡಿದರೆ ಮೀನು ನಿಲ್ಲುವ ಮುಂಚೆ ನೀವೇ ಜಾರುತ್ತೀರಿ.

ಈಗ ಮುಖ್ಯ ಮಾತು. ಬೀಸೋಕೆ ಚೆನ್ನಾಗಿದೆ ಅಂತ ಬಂಡೆ ಆರಿಸಬೇಡಿ. ಮೀನನ್ನು ಎಲ್ಲಿ ಮೇಲೆ ತರುತ್ತೀರಿ ಅಂತ ಮೊದಲು ನೋಡಿ. ಎತ್ತರದ ಬಂಡೆಯಿಂದ ದಾರ ಅಂಚಿಗೆ ತಾಗುವುದು ಕಮ್ಮಿ, ಸರಿ. ಆದರೆ ಮೂವತ್ತು ಕೆಜಿ ಮೀನನ್ನು ಎಂಟು ಮೀಟರ್ ಮೇಲಕ್ಕೆ ಎತ್ತುವವರು ಯಾರು? ನೀರಿಗಿಂತ ಎರಡು-ಮೂರು ಮೀಟರ್ ಎತ್ತರ ಇರಲಿ. ಪಕ್ಕದಲ್ಲಿ ಅಲೆ ಹತ್ತಿ ಇಳಿಯುವ ಇಳಿಜಾರೋ ಸಣ್ಣ ಕಾಲುವೆಯೋ ಇರಲಿ. ಅಂಥ ಜಾಗ ಸಿಗೋ ತನಕ ನಾವು ಗಂಟೆಗಟ್ಟಲೆ ಸುಮ್ನೆ ನಡೆದೆವು. ಸಿಕ್ಕ ಮೇಲೂ ಅರ್ಧ ಗಂಟೆ ಕೂತು ಅಲೆ ನೋಡಿದೆವು. ಬಂಡೆ ಎಲ್ಲಿವರೆಗೆ ಒದ್ದೆ ಇದೆಯೋ ಅಲ್ಲಿವರೆಗೂ ಇನ್ನೊಂದು ಅಲೆ ಬಂದೇ ಬರುತ್ತದೆ. ಲೈಫ್ ಜಾಕೆಟ್, ಮೊಳೆ ಇರುವ ಶೂ ಇಲ್ಲದವರನ್ನು ಕರೆದುಕೊಂಡು ಹೋಗಲೇಬೇಡಿ.

ಬೆಳಗಿನ ಮಬ್ಬು ಬೆಳಕು, ಏರುತ್ತಿರುವ ಉಬ್ಬರ, ಬಂಡೆ ಸುತ್ತ ನೊರೆ: ಈ ಮೂರೂ ಕೂಡಿದರೆ ಮಾತಾಡುತ್ತಾ ನಿಲ್ಲಬೇಡಿ. ಪಾಪರ್ ಅನ್ನುವ, ನೀರಿನ ಮೇಲೆ ತೇಲುವ ಲೂರನ್ನು ನೊರೆಯ ಆಚೆಗೆ ಬೀಸಿ, ರಾಡನ್ನು ಪಕ್ಕಕ್ಕೆ ಜೋರಾಗಿ ಎಳೆದು ನೀರು ಚಿಮ್ಮಿಸಿ, ಆಮೇಲೆ ನಿಲ್ಲಿಸಿ. ಎಷ್ಟೋ ಸಲ ನಿಲ್ಲಿಸಿದಾಗಲೇ ಹೊಡೆಯುತ್ತದೆ. ನಮ್ಮ ಗೆಳೆಯನಿಗೂ ಹಾಗೇ ಆಯಿತು. ಜಿಟಿ ಮೊದಲು ಓಡುವುದು ಬಂಡೆ ಸಂದಿಗೆ. ಆ ಓಟ ತಡೆದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಕಾಲ ಬುಡದಲ್ಲಿ. ಅವನು ರಾಡ್ ಹಿಡಿದು ಇಳಿಜಾರಿನ ಕಡೆ ಸರಿದ, ದೊಡ್ಡ ಅಲೆ ಮೀನನ್ನು ಮೇಲೆ ತಂದು ಹಾಕಿತು, ಕೆಳಗಿದ್ದವನು ಬಾಲ ಹಿಡಿದ. ಗ್ಲೌಸ್ ಇರಲಿ, ಬಾಲದ ಬುಡದಲ್ಲಿ ಸಾಲಾಗಿ ಎಲುಬಿನಂಥ ಚೂಪು ಹುರುಪೆಗಳಿವೆ, ಅಂಗೈ ಸೀಳುತ್ತವೆ. ಒಂದು ಫೋಟೊ, ತಕ್ಷಣ ವಾಪಸ್ ನೀರಿಗೆ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿಟ್ಟಿದ್ದರಿಂದ ಬಿಡಿಸುವುದು ಸುಲಭವಾಯಿತು.

ಬಲೆಯ ತೇಲುಬುರುಡೆ ಕಂಡ ಕಡೆ ಬೀಸಬೇಡಿ, ಅಲ್ಲಿನವರ ಹೊಟ್ಟೆಪಾಡು ಅದು. ದೋಣಿಗಳಲ್ಲಿ ನಮ್ಮ ಕಡೆಯ ಕೆಲಸಗಾರರೂ ಇರುತ್ತಾರೆ, ಹಿಂದಿ ನಡೆಯುತ್ತದೆ. ಎಲ್ಲಿ ಮೀನು ಹಾರುತ್ತಿದೆ ಅಂತ ಅವರೇ ತೋರಿಸಿದರು.

ತಿನ್ನೋಕೆ ಏನು ಅಂತೀರಾ? ಅಂಜಲ್ ಸಿಕ್ಕರೆ ಅದೃಷ್ಟ. ಆದರೆ ಒಮಾನಿನಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅದನ್ನು ಹಿಡಿಯುವಂತಿಲ್ಲ. ಬಂಡೆ ಹತ್ತಿರ ಬ್ಲೂಫಿಶ್ ಸಿಗುತ್ತದೆ. ಹಲ್ಲು ಹುಷಾರು. ಸಿಕ್ಕ ತಕ್ಷಣ ರಕ್ತ ಬಸಿದು ಐಸ್‌ಗೆ ಹಾಕಿ, ತಡವಾದರೆ ಮಾಂಸ ಮೆತ್ತಗಾಗುತ್ತದೆ. ಊರಿನ ಮಸಾಲೆ ಪುಡಿ, ಹುಣಸೆಹಣ್ಣು, ಒಂದು ಕಾವಲಿ ಒಯ್ದರೆ ಸಾಕು.